ಮದುಮಗಳ ಮುಖ ಅಗಲವಾದ ದಿನ

ಶನಿವಾರ ಸಂಜೆ ಏಳೂವರೆಗೆ ಕಂಪ್ಯೂಟರ್ ಮುಂದೆ ಕೂತೆ. ಮದುಮಗಳ ಮುಖ ತಟ್ಟಿದ ರೊಟ್ಟಿ ಹಾಗೆ ಅಗಲವಾಗಿತ್ತು. ಮಧ್ಯಾಹ್ನ ನೋಡಿದಾಗ ಕೋಲುಮುಖದ ಚೆಂದದ ಹುಡುಗಿ. ಕುಂದವಾಡ ಕೆರೆ ಏರಿ ಮೇಲೆ ಎಳೆಬಿಸಿಲಲ್ಲಿ ತೆಗೆದ ಶಾಟು ಅದು. ಈಗ ಅವಳೂ ಅಗಲ, ಹಿಂದಿನ ಕೆರೆಯೂ ಅಗಲ, ಪಕ್ಕದಲ್ಲಿದ್ದ ಮದುಮಗನಂತೂ ಗರಡಿಮನೆ ಪೈಲ್ವಾನ. ಪ್ಲೇ ಒತ್ತಿದೆ. ಇಬ್ಬರೂ ಒಂದು ಹೆಜ್ಜೆ ಇಟ್ಟರು, ನಿಂತರು, ಯೋಚನೆ ಮಾಡಿದರು, ಇನ್ನೊಂದು ಹೆಜ್ಜೆ ಇಟ್ಟರು.

ಮರುದಿನ ಸಂಜೆ ಏಳಕ್ಕೆ ಆರತಕ್ಷತೆ. ಅಲ್ಲಿ ಎಲ್‌ಇಡಿ ಪರದೆ ಮೇಲೆ ಈ ಹನ್ನೊಂದು ನಿಮಿಷದ ವಿಡಿಯೊ ಓಡಬೇಕಿತ್ತು.

ತಪ್ಪು ನಂದೇ. ಕೈಯಲ್ಲಿ ಕೆಲಸ ಇರುವಾಗ ಅಪ್‌ಡೇಟ್ ಒತ್ತಬಾರದು ಅಂತ ಈ ಕಸುಬಿನವರಿಗೆಲ್ಲ ಗೊತ್ತು. ಆದರೆ ಅವತ್ತು ಮಧ್ಯಾಹ್ನ ನಾನು ಸುಮ್ನೆ ಕೂತಿದ್ದೆ. ವರನ ಹೆಸರಿನ ಕೊನೆ ಅಕ್ಷರಕ್ಕೆ ಒತ್ತು ಬೇಕೋ ಬೇಡವೋ ಅಂತ ಎರಡು ಮನೆಯವರ ನಡುವೆ ಫೋನಿನಲ್ಲಿ ಮಾತುಕತೆ ನಡೀತಾ ಇತ್ತು. ಅದು ತೀರ್ಮಾನ ಆಗದೆ ಹೆಸರಿನ ಟೈಟಲ್ ಮಾಡೋ ಹಾಗಿಲ್ಲ. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಒಂದು ಚೀಟಿ ಎದ್ದಿತು: ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳುತ್ತೀರಾ? ಎರಡು ಗಂಟೆ ಕೆಲಸ, ಆಗಿಬಿಡಲಿ ಅಂದುಕೊಂಡೆ.

ನಮ್ಮದು ದಾವಣಗೆರೆಯ ವಿನೋಬನಗರ. ಯಜಮಾನರು ಮದುವೆ ಶೂಟಿಂಗಿಗೆ ಹೋಗುತ್ತಾರೆ, ನಾನು ಮನೆಯಲ್ಲೇ ಕೂತು ಎಡಿಟ್ ಮಾಡುತ್ತೇನೆ. ಮಷೀನು ಹಳೇದು, ಇಂಟೆಲ್‌ನ ಏಳನೇ ತಲೆಮಾರಿನ ಪ್ರೊಸೆಸರ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಬೇಕಾದ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ನನ್ನದು ಇರಲಿಲ್ಲ. ಹೊಸ ಮಷೀನಿಗೆ ದುಡ್ಡು ಸುರಿಯುವ ಬದಲು ಲಿನಕ್ಸ್ ಹಾಕಿಕೊಂಡೆ, ಅದೂ ವಿಂಡೋಸ್ ಥರ ಮಷೀನು ನಡೆಸುವ ಸಾಫ್ಟ್‌ವೇರು. ಶನಿವಾರ ಹಾಕಿಕೊಂಡ ಹೊಸ ಆವೃತ್ತಿ ಅದರದ್ದೇ. ಕೆಡೆನ್‌ಲೈವ್‌ನಲ್ಲಿ ಕತ್ತರಿಸುತ್ತೇನೆ, ಬ್ಲೆಂಡರಿನಲ್ಲಿ ಹೆಸರಿನ ಟೈಟಲ್ ಮಾಡುತ್ತೇನೆ. ಬ್ಲೆಂಡರಿನಲ್ಲಿ ನೇರ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತವೆ. ಹಾಗಾಗಿ ಇಂಕ್‌ಸ್ಕೇಪಿನಲ್ಲಿ ಅಕ್ಷರ ಬರೆದು, ಚಿತ್ರ ಮಾಡಿಕೊಂಡು ಒಳಗೆ ತರುತ್ತೇನೆ. ಒತ್ತಿನ ಜಗಳ ಅಷ್ಟು ಮುಖ್ಯ ಆಗಿದ್ದು ಅದಕ್ಕೇ. ಆಮೇಲೆ ಬದಲಾಯಿಸೋದು ದೊಡ್ಡ ಕೆಲಸ.

ಸೆಟ್ಟಿಂಗ್ಸ್ ತೆಗೆದು ನೋಡಿದೆ. ಗ್ರಾಫಿಕ್ಸ್ ಅನ್ನೋ ಕಡೆ, ಪರದೆ ಮೇಲೆ ಚಿತ್ರ ಬರೆಯುವ ಕಾರ್ಡಿನ ಹೆಸರೇ ಇಲ್ಲ. ಅದರ ಬದಲು ಎಲ್‌ಎಲ್‌ವಿಎಂಪೈಪ್ ಅಂತ ಏನೋ ಒಂದು. ಇದು ಕಾರ್ಡಲ್ಲ. ಕಾರ್ಡು ಕೈಗೆ ಸಿಗದಿದ್ದಾಗ ಚಿತ್ರ ಬರೆಯುವ ಕೆಲಸವನ್ನೂ ಪ್ರೊಸೆಸರ್ ತಲೆ ಮೇಲೇ ಹಾಕುವ ಸಾಫ್ಟ್‌ವೇರು. ಮಂಡಿಯಲ್ಲಿ ದಲಾಲಿ ಬರಲಿಲ್ಲ ಅಂದರೆ ಮಾಲೂ ಇರುತ್ತೆ, ಕೊಳ್ಳುವವನೂ ಇರುತ್ತಾನೆ, ವ್ಯಾಪಾರ ಮಾತ್ರ ಆಗಲ್ಲ. ಡ್ರೈವರ್ ಅಂಥ ದಲಾಲಿ. ಡಬ್ಬದೊಳಗೆ ಕಾರ್ಡಿನ ಫ್ಯಾನು ತಿರುಗುತ್ತಲೇ ಇತ್ತು, ಲಿನಕ್ಸಿಗೂ ಅದಕ್ಕೂ ಮಾತಿಲ್ಲ. ಪರದೆ 1024ಕ್ಕೆ 768ರ ಅಳತೆಯಲ್ಲಿ ನಿಂತಿತ್ತು. ಆ ಅಳತೆಯನ್ನು ಅಗಲ ಮಾನಿಟರ್ ತನ್ನ ಉದ್ದಕ್ಕೂ ಎಳೆದಿತ್ತು. ಹುಡುಗಿ ಅಗಲ ಆಗಿದ್ದು ಹಾಗೆ.

ಟೈಟಲ್ ಹತ್ತು ಸೆಕೆಂಡಿನದು. ಸೆಕೆಂಡಿಗೆ 24ರ ಲೆಕ್ಕದಲ್ಲಿ 240 ಚಿತ್ರ. ಆ ಚಿತ್ರಗಳನ್ನು ತಯಾರಿಸೋಕೆ ನಾನು ಬಳಸುವುದು ಬ್ಲೆಂಡರಿನೊಳಗಿನ ಈವೀ, ಅದು ಪೂರ್ತಿ ಕಾರ್ಡನ್ನೇ ನಂಬಿಕೊಂಡಿರುವಂಥದ್ದು. ಕಾರ್ಡು ಇದ್ದಾಗ ಒಂದು ಚಿತ್ರಕ್ಕೆ ಹತ್ತು ಸೆಕೆಂಡು. ಈಗ ಒಂದನ್ನು ಪರೀಕ್ಷೆಗೆ ಬಿಟ್ಟೆ. ಆರು ನಿಮಿಷ. ಗುಣಿಸಿ ನೋಡಿದೆ, ಸರಿಯಾಗಿ ಒಂದು ದಿನ.

ಆಗ ಮಾಡಿದ ಕೆಲಸವನ್ನು ಬರೆಯೋಕೂ ನಾಚಿಕೆ. ಕಾರ್ಡಿನ ಕಂಪನಿಯವರ ತಾಣದಿಂದಲೇ ಡ್ರೈವರ್ ಫೈಲು ಇಳಿಸಿಕೊಂಡು ಓಡಿಸಿದೆ. ಲಿನಕ್ಸಿನ ಸ್ವಂತ ಭಂಡಾರದಿಂದ ಬಂದ ಡ್ರೈವರ್ ಇರುವಾಗ ಅದರ ಮೇಲೆ ಇದನ್ನು ಹೇರಬಾರದು. ಅದೂ ಪಾಪ ಎಚ್ಚರಿಕೆ ಕೊಟ್ಟಿತು, ಮುಂದುವರಿಯಬೇಕಾ ಅಂತ ಎರಡು ಸಲ ಕೇಳಿತು. ಎರಡು ಸಲವೂ ಹೌದು ಅಂದೆ. ಅರ್ಧಕ್ಕೆ ನಿಂತಿತು. ರೀಸ್ಟಾರ್ಟ್ ಮಾಡಿದ ಮೇಲೆ ಅಗಲ ಮುಖವೂ ಇಲ್ಲ, ಕಪ್ಪು ಪರದೆ.

"ಏನಾತೇ?" ಅಂದರು ಅತ್ತೆ, ಹಾಲ್‌ನಿಂದ.

"ಏನಿಲ್ಲ ಅತ್ತೆ, ಸ್ವಲ್ಪ ಕಪ್ಪಾಗಿದೆ."

"ಕಣ್ಣು ಬಿದ್ದಿರ್ತೈತೆ. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕು."

ಕಂಟ್ರೋಲ್, ಆಲ್ಟ್, ಎಫ್3 ಮೂರೂ ಸೇರಿಸಿ ಒತ್ತಿದೆ. ಬರೀ ಅಕ್ಷರದ ಪರದೆ ಬಂತು. ಬದುಕಿದೆ ಅಂತ ಉಸಿರು ಬಿಟ್ಟೆ. ಮೊದಲು ವಿಡಿಯೊಗಳನ್ನು ಬೇರೆ ಹಾರ್ಡ್‌ಡಿಸ್ಕಿಗೆ ಎತ್ತಿಡೋಣ ಅಂತ ಫೋಲ್ಡರುಗಳ ಪಟ್ಟಿ ಕೇಳಿದೆ. ನೋಡಿದರೆ ಸಾಲಾಗಿ ಡಬ್ಬಿ ಡಬ್ಬಿ ಡಬ್ಬಿ.

ನಾನು ಎಲ್ಲಾ ಫೋಲ್ಡರಿಗೂ ಕನ್ನಡದಲ್ಲೇ ಹೆಸರಿಡುತ್ತೇನೆ. ಹೊನ್ನಾಳಿ ಮದುವೆ, ಹರಿಹರ ನಾಮಕರಣ, ಹೀಗೆ. ಲಿನಕ್ಸಿನ ಆ ಕಪ್ಪು ಪರದೆಗೆ ಒಮ್ಮೆಗೆ 512 ಅಕ್ಷರರೂಪಕ್ಕಿಂತ ಜಾಸ್ತಿ ಇಟ್ಟುಕೊಳ್ಳೋಕೆ ಆಗಲ್ಲ. ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲ ಜೋಡಿಸಿ ಬರೆಯುವ ವಿದ್ಯೆಯಂತೂ ಅದಕ್ಕೆ ಗೊತ್ತೇ ಇಲ್ಲ. ಹಾಗಾಗಿ ಒಂದೊಂದು ಚಿಹ್ನೆಗೂ ಒಂದೊಂದು ಡಬ್ಬಿ. ಮೂವತ್ತೆರಡು ಫೋಲ್ಡರು, ಎಲ್ಲರ ಮದುವೆಯೂ ಒಂದೇ ಥರ.

ಒಂದು ಹಾಳೆ ತಗೊಂಡು ಕೂತೆ. ಈ ಮದುವೆಯ ಫೋಲ್ಡರ್ ಹೆಸರು "ಶಾಮನೂರು ಮದುವೆ 17". ಬರೆದು ಬಿಡಿಸಿದೆ. ಶ, ಆಕಾರದ ದೀರ್ಘ, ಮ, ನ, ಊಕಾರ, ರ, ಉಕಾರ. ಏಳು ಡಬ್ಬಿ. ಆಮೇಲೆ ಜಾಗ. ಮ, ದ, ಉಕಾರ, ವ, ಎಕಾರ. ಐದು ಡಬ್ಬಿ. ಆಮೇಲೆ ಅಂಕಿ, ಅಂಕಿ ಮಾತ್ರ ಸರಿಯಾಗಿ ಕಾಣುತ್ತೆ. ಏಳು ಡಬ್ಬಿ, ಜಾಗ, ಐದು ಡಬ್ಬಿ, 17. ಬೆರಳಿಟ್ಟು ಎಣಿಸುತ್ತಾ ಹೋದೆ. ಒಂದನೇ ಕ್ಲಾಸಿನಲ್ಲಿ ಸ್ಲೇಟು ಹಿಡಿದು ಕಾಗುಣಿತ ಬಿಡಿಸಿದ ಮೇಲೆ ಈ ಕೆಲಸ ಮತ್ತೆ ಮಾಡಿರಲಿಲ್ಲ. ಸಿಕ್ಕಿತು. ಫೋನಿನಲ್ಲಿ ನೋಡಿ ನೋಡಿ ಒಂದೊಂದೇ ಕಮಾಂಡ್ ಟೈಪ್ ಮಾಡಿ ಎತ್ತಿಟ್ಟಾಗ ಒಂದು ಗಂಟೆ ರಾತ್ರಿ.

ಬೆಳಗ್ಗೆ ಎಂಟಕ್ಕೇ ಹುಡುಗಿಯ ಸೋದರಮಾವನ ಫೋನು. "ಅಕ್ಕಾರೆ, ಒತ್ತು ಬೇಕಂತ್ರಿ, ಫೈನಲ್ಲು. ವಿಡಿಯೊ ರೆಡಿ ಆತೇನ್ರಿ?"

"ಆಗ್ತಾ ಇದೆ ಅಣ್ಣಾ, ಒತ್ತೊಂದೇ ಬಾಕಿ ಇತ್ತು" ಅಂದೆ. ಇಂಥ ಸುಳ್ಳು ಎಷ್ಟು ಸಲೀಸಾಗಿ ಬರುತ್ತೆ ನೋಡಿ.

ಪರಿಚಯದ ರಿಪೇರಿಯವರಿಗೆ ಫೋನ್ ಮಾಡಿದೆ. ಭಾನುವಾರ, ಅಂಗಡಿ ಇಲ್ಲ. "ಫಾರ್ಮ್ಯಾಟ್ ಮಾಡಿಬಿಡೋಣ ಬಿಡ್ರಿ ಮೇಡಂ. ಸೋಮವಾರ ತಗಂಡ್ ಬರ್ರಿ" ಅಂದರು. ಏನೇ ಕಾಯಿಲೆ ಹೇಳಿದರೂ ಇದೊಂದೇ ಗುಳಿಗೆ.

ಮಹಡಿ ರೂಮಿನಲ್ಲಿ ಜಗಳೂರು ಕಡೆಯ ಹುಡುಗ ಬಾಡಿಗೆಗೆ ಇದ್ದಾನೆ, ಇಂಜಿನಿಯರಿಂಗ್ ಮೂರನೇ ವರ್ಷ. ಭಾನುವಾರ ಒಂಬತ್ತಕ್ಕೆ ಅವನನ್ನು ಎಬ್ಬಿಸೋದು ಪಾಪದ ಕೆಲಸ. ಬೆಣ್ಣೆ ದೋಸೆ ತರಿಸಿದೀನಿ ಬಾರೋ ಅಂತ ಕೂಗಿದೆ. ದೋಸೆ ಅಂದ ತಕ್ಷಣ ಬಾಗಿಲು ತೆರೆಯಿತು. ಎಲೆಯಲ್ಲಿ ಕಟ್ಟಿಸಿ ತಂದ ದೋಸೆ, ಪಕ್ಕಕ್ಕೆ ಆಲೂಗಡ್ಡೆ ಪಲ್ಯ, ಬಿಳಿ ಚಟ್ನಿ. ಅವನು ಬಲಗೈಯಲ್ಲಿ ತಿನ್ನುತ್ತಾ ಎಡಗೈಯಲ್ಲಿ ಟೈಪ್ ಮಾಡಿದ. ಕೀಬೋರ್ಡಿಗೆ ಬೆಣ್ಣೆ ತಾಗದಿರಲಿ ಅಂತ ನನ್ನ ಕಣ್ಣೆಲ್ಲ ಅವನ ಕೈ ಮೇಲೆ.

ಮೊದಲು ನಾನು ಹೇರಿದ್ದ ಡ್ರೈವರನ್ನು ಅದರದೇ ಅನ್‌ಇನ್‌ಸ್ಟಾಲ್ ಕೊಟ್ಟು ಕಿತ್ತ. ಆಮೇಲೆ ಭಂಡಾರದ ಡ್ರೈವರನ್ನೂ ಪೂರ್ತಿ ತೆಗೆದು ಹೊಸದಾಗಿ ಹಾಕಿದ. ಸರಸರ ಅಂತ ಸಾಲುಗಳು ಓಡಿದವು. ಲಿನಕ್ಸಿನ ಕರ್ನೆಲ್, ಅಂದರೆ ಅದರ ತಿರುಳು, ಬದಲಾದಾಗ ಡ್ರೈವರನ್ನೂ ಅದಕ್ಕೆ ತಕ್ಕ ಹಾಗೆ ಮತ್ತೆ ಕಟ್ಟಬೇಕು. ಅಳತೆ ಬದಲಾದರೆ ಕುಪ್ಪಸ ಮತ್ತೆ ಹೊಲಿಸಬೇಕಲ್ವಾ, ಹಾಗೆ. ಡಿಕೆಎಂಎಸ್ ಅಂತ ಒಂದಿದೆ, ಆ ಟೈಲರ್ ಕೆಲಸ ಅದರದ್ದು. ಅದು ತಪ್ಪಿಲ್ಲದೆ ಹೊಲಿದು ಮುಗಿಸಿತು. ಆದರೂ ಮಾನಿಟರ್ ಕಪ್ಪೇ.

"ಕೈಯಿಂದ ಎಬ್ಬಿಸಿ ನೋಡಾಣ" ಅಂತ ಮಾಡ್‌ಪ್ರೋಬ್ ಅನ್ನೋ ಕಮಾಂಡ್ ಕೊಟ್ಟ. ಒಂದೇ ಸಾಲು ಉತ್ತರ ಬಂತು. ಕೀ ವಾಸ್ ರಿಜೆಕ್ಟೆಡ್ ಬೈ ಸರ್ವೀಸ್.

"ಇನ್ನೊಂದ್ಸಲ ಹಾಕೋ" ಅಂದೆ.

"ಅಕ್ಕಾ, ಸುಮ್ನೆ ಇರ್ರಿ ಒಂದ್ನಿಮಿಷ. ಏನೋ ಹೇಳ್ತಾ ಐತೆ ಅದು."

ಕೀಲಿ ಒಪ್ಪಲಿಲ್ಲ ಅಂತ ಹೇಳ್ತಾ ಇತ್ತು. ಯಾವ ಕೀಲಿ? ನನಗಂತೂ ಕೀಬೋರ್ಡ್ ಕೀ ಬಿಟ್ಟರೆ ಬೇರೆ ಹೊಳೆಯಲಿಲ್ಲ. ಅವನು ಕೇಳಿದ, "ಅಪ್‌ಡೇಟ್ ಆಗುವಾಗ ಪಾಸ್‌ವರ್ಡ್ ಏನಾದ್ರೂ ಕೇಳ್ತಾ?" ಹೌದು, ಕೇಳಿತ್ತು. ಎಂಟು ಅಕ್ಷರಕ್ಕೆ ಕಡಿಮೆ ಇರಬಾರದು ಅಂದಿತ್ತು. ಏನೋ ಒಂದು ಒತ್ತಿ ಮುಂದೆ ಹೋಗಿದ್ದೆ. "ರೀಸ್ಟಾರ್ಟ್ ಆದ್ಮೇಲೆ ಮತ್ತೆ ಕೇಳಿರ್ಬೇಕಲ್ಲ?" ಇಲ್ಲ, ಖಂಡಿತ ಕೇಳಿಲ್ಲ ಅಂದೆ.

ನೆಲದ ಮೇಲೆ ಕೂತು ಮಿಕ್ಕ ಪಲ್ಯ ನೆಕ್ಕುತ್ತಿದ್ದ ನನ್ನ ಮಗ ತಲೆ ಎತ್ತಿದ. ಏಳು ವರ್ಷ ಅವನಿಗೆ. "ಅಮ್ಮಾ, ನಿನ್ನೆ ನೀಲಿ ಬಂತಲ್ಲ, ಅದಾ?"

"ಯಾವ ನೀಲಿನೋ?"

"ನೀನು ಹಾಲು ಇಳಿಸಾಕೆ ಓಡಿದ್ಯಲ್ಲ, ಆವಾಗ. ಟಿವಿ ಎಲ್ಲಾ ನೀಲಿ ಆತು. ನಂಬರ್ ಬಂತು. ಒಂಬತ್ತು, ಎಂಟು, ಏಳು... ರಾಕೆಟ್ ಥರ. ಆಮೇಲೆ ಹೋತು."

ಹುಡುಗ ದೋಸೆ ಬಿಟ್ಟು ಎದ್ದು ನಿಂತ. "ಅದೇ ಅಕ್ಕಾ! ಅದೇ!"

ಸೆಕ್ಯೂರ್ ಬೂಟ್ ಅಂತ ಒಂದು ಕಾವಲು ಇದೆ. 2012ರಲ್ಲಿ ವಿಂಡೋಸ್ 8ರ ಜತೆಗೆ ಬಂದ ಕಂಪ್ಯೂಟರುಗಳಿಂದ ಮನೆಮನೆಗೆ ಬಂದದ್ದು. ನಂಬಿಕೆಯ ಸಹಿ ಇಲ್ಲದ್ದನ್ನು ಅದು ಒಳಗೆ ಬಿಡಲ್ಲ. ನನ್ನ ಹಳೆ ಆವೃತ್ತಿಯಲ್ಲಿ ಡ್ರೈವರ್ ಸಹಿ ಹಾಕಿಸಿಕೊಂಡೇ ಬರುತ್ತಿತ್ತು. ಈ ಸಲ ನನ್ನ ಮಷೀನಿನಲ್ಲೇ ಹೊಲಿದ ಡ್ರೈವರ್, ಹಾಗಾಗಿ ಸಹಿಯೂ ಮನೆಯದೇ. ಆ ಸಹಿಯ ಕೀಲಿ ನಂದೇ, ನಂಬಬಹುದು ಅಂತ ಒಬ್ಬ ಮನುಷ್ಯ ಮಷೀನಿನ ಮುಂದೆ ಕೂತು ಹೇಳಬೇಕು. ಎಲ್ಲೋ ದೂರ ಕೂತ ಕಳ್ಳ ಹೇಳೋಕೆ ಆಗಬಾರದು ಅಂತಲೇ ಆ ಪ್ರಶ್ನೆ ಲಿನಕ್ಸ್ ಏಳುವುದಕ್ಕೂ ಮುಂಚೆ ಬರುತ್ತೆ. ನೀಲಿ ಪರದೆ, ಹತ್ತು ಸೆಕೆಂಡು, ಯಾವುದಾದರೂ ಕೀ ಒತ್ತಿ ಅಂತ. ಯಾರೂ ಒತ್ತದಿದ್ದರೆ ತನ್ನ ಪಾಡಿಗೆ ಮುಂದೆ ಹೋಗುತ್ತೆ. ಆ ಕೀಲಿಯ ಹೆಸರು ಮಷೀನ್ ಓನರ್ ಕೀ, ಚಿಕ್ಕದಾಗಿ ಮೋಕ್. ಈ ಮಷೀನಿನ ಯಜಮಾನಿ ನಾನೇ ಅನ್ನೋಕೆ ನನಗೆ ಹತ್ತು ಸೆಕೆಂಡು ಕೊಟ್ಟಿತ್ತು. ಯಜಮಾನಿ ಅಡುಗೆಮನೆಯಲ್ಲಿ ಉಕ್ಕಿದ ಹಾಲು ಒರೆಸುತ್ತಿದ್ದಳು.

ಬಯಾಸಿಗೆ, ಅಂದರೆ ಮಷೀನಿನ ಮೂಲ ಸೆಟ್ಟಿಂಗ್ಸಿಗೆ, ಹೋಗಿ ಸೆಕ್ಯೂರ್ ಬೂಟನ್ನೇ ಆಫ್ ಮಾಡಿದರೂ ಕೆಲಸ ಆಗುತ್ತಿತ್ತು. ಹುಡುಗ ಅದನ್ನೂ ಹೇಳಿದ, ತುಂಬ ಜನ ಮಾಡೋದು ಅದನ್ನೇ. ನನಗೆ ಬೇಡ ಅನ್ನಿಸಿತು. ದಿನಾ ಹತ್ತು ಜನರ ಪೆನ್‌ಡ್ರೈವ್ ಚುಚ್ಚುವ ಮಷೀನು. ಕಾವಲು ಇರಲಿ.

ಮೋಕ್‌ಯುಟಿಲ್ ಅನ್ನೋ ಕಮಾಂಡ್ ಕೊಟ್ಟು ಪ್ರಶ್ನೆ ಮತ್ತೆ ಕೇಳುವ ಹಾಗೆ ಮಾಡಿದ. ಹೊಸ ಪಾಸ್‌ವರ್ಡ್ ಇಟ್ಟೆ, ಈ ಸಲ ಹಾಳೆಯಲ್ಲಿ ಬರೆದುಕೊಂಡೆ. ರೀಸ್ಟಾರ್ಟ್. ಮೂವರೂ ಪರದೆ ನೋಡುತ್ತಾ ನಿಂತೆವು, ಅತ್ತೆಯೂ ಬಂದು ಬಾಗಿಲಲ್ಲಿ ನಿಂತರು. ನೀಲಿ ಬಂತು. "ನಾನ್ ಒತ್ತೀನಿ, ನಾನ್ ಒತ್ತೀನಿ" ಅಂತ ಮಗ ಕುಣಿದ. ಪಲ್ಯದ ಕೈಯಲ್ಲೇ ಸ್ಪೇಸ್ ಬಾರ್ ಒತ್ತಿದ. ಒಂದು ಪಟ್ಟಿ ತೆರೆಯಿತು. ಎನ್ರೋಲ್ ಮೋಕ್, ಕಂಟಿನ್ಯೂ, ಯೆಸ್. ಪಾಸ್‌ವರ್ಡ್ ಹಾಕಿದೆ. ರೀಬೂಟ್.

ಮಾನಿಟರ್ ಒಂದು ಸಲ ಆರಿ ಹತ್ತಿತು. ಅಕ್ಷರಗಳು ಸಣ್ಣಗೆ, ಚೂಪಾಗಿ ಬಂದವು. ಫೋಲ್ಡರುಗಳಿಗೆಲ್ಲ ಅವುಗಳ ಕನ್ನಡ ಹೆಸರು ವಾಪಸ್ ಬಂದಿತ್ತು. ಕೆಡೆನ್‌ಲೈವ್ ತೆರೆದೆ. ಹುಡುಗಿ ಮತ್ತೆ ಕೋಲುಮುಖದವಳಾಗಿ ಕೆರೆ ಏರಿ ಮೇಲೆ ಸಲೀಸಾಗಿ ನಡೆದು ಹೋದಳು.

"ನಾ ಹೇಳಿರ್ಲಿಲ್ವಾ, ಕಣ್ಣು ಬಿದ್ದಿತ್ತು ಅಂತ. ರಾತ್ರಿ ನೀ ಮಲಗಿದ ಮ್ಯಾಲೆ ನಾನೇ ನಿವಾಳಿಸಿದೀನಿ" ಅಂದರು ಅತ್ತೆ.

ಆಗ ಹನ್ನೆರಡಕ್ಕೆ ಹತ್ತು ನಿಮಿಷ. ಒತ್ತು ಹಾಕಿ ಟೈಟಲ್ ಬಿಟ್ಟೆ, ನಲವತ್ತು ನಿಮಿಷಕ್ಕೆ ಮುಗಿಯಿತು. ಮಿಕ್ಕಿದ್ದೆಲ್ಲ ಸೇರಿಸಿ ಮೂರೂವರೆಗೆ ವಿಡಿಯೊ ಕೈಗೆ ಬಂತು. ಪೂರ್ತಿ ಮೂರು ಸಲ ನೋಡಿದೆ.

ಸಂಜೆ ಪೆನ್‌ಡ್ರೈವ್ ಹಿಡಿದು ಕಲ್ಯಾಣ ಮಂಟಪಕ್ಕೆ ಹೋದೆ. ಎಲ್‌ಇಡಿ ಪರದೆಯ ಹುಡುಗ ಹಾಕಿದ. ವೇದಿಕೆಯ ಉದ್ದಕ್ಕೂ ಪರದೆ, ಎತ್ತರ ಕಡಿಮೆ. ಎರಡೂ ಪಕ್ಕ ಕಪ್ಪು ಉಳಿಯಿತು. ಅದು ಚೆನ್ನಾಗಿ ಕಾಣಲ್ಲ ಅಂತ ಅವನು ಏನೋ ಒಂದು ಬಟನ್ ಒತ್ತಿದ. ವಿಡಿಯೊ ಎರಡೂ ಕಡೆ ಗೋಡೆಯವರೆಗೆ ಹಿಗ್ಗಿತು. ಕುಂದವಾಡ ಕೆರೆ ಸಮುದ್ರ ಆಯಿತು. ಹುಡುಗಿಯ ಮುಖ ಶನಿವಾರ ಸಂಜೆಗಿಂತ ಅಗಲ ಆಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಸೋದರಮಾವ ಪಕ್ಕಕ್ಕೆ ಬಂದು ನಿಂತ.

"ಭಾರಿ ಬಂದೈತ್ರಿ ಅಕ್ಕಾರೆ" ಅಂದ. "ಪೂರ್ತಿ ಪರದೆ ತುಂಬ್ಕಂಡೈತೆ ನೋಡ್ರಿ. ಒತ್ತೂ ಎಷ್ಟು ದೊಡ್ಡದಾಗಿ ಕಾಣ್ತೈತೆ."