ಬೆಳಿಗ್ಗೆ ಕೆಆರ್‌ಎಸ್ ಹಿನ್ನೀರು, ಸಂಜೆ ಹದಿನಾರು ಕೆರೆ: ಗಲ್ ಮತ್ತು ಬೇಟೆಹಕ್ಕಿಗಳ ಬೆನ್ನುಹತ್ತಿ

ಮೈಸೂರಿನ ಸುತ್ತ ಹಕ್ಕಿ ನೋಡಲು ಬಂದವರು ಮೊದಲು ರಂಗನತಿಟ್ಟಿಗೆ ಹೋಗುತ್ತಾರೆ. ಕೊಕ್ಕರೆ, ಪೆಲಿಕನ್‌ಗಳಿಗೆ ಅದೇ ಸರಿ. ಆದರೆ ಗಲ್ ಎಂಬ ಕಡಲಹಕ್ಕಿಗಳಿಗೂ ಬೇಟೆಹಕ್ಕಿಗಳಿಗೂ ತೆರೆದ ನೀರು, ಬಯಲು ಬೇಕು. ಹಾಗಾಗಿ ಈ ಜನವರಿಯಲ್ಲಿ ನಾವು ಕೆಆರ್‌ಎಸ್ ಹಿನ್ನೀರು ಮತ್ತು ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಯನ್ನು ಆರಿಸಿಕೊಂಡೆವು.

ಹೊರಡುವ ಮುನ್ನ ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡಿ. ಗರಿಷ್ಠ ಮಟ್ಟ 124.80 ಅಡಿ. ಅದರ ಹತ್ತಿರವಿದ್ದರೆ ನೀರು ಹೊಲದ ಅಂಚಿಗೇ ಬಂದಿರುತ್ತದೆ. ಹಕ್ಕಿಗಳು ಇಳಿದು ಕೂರಲು ಕೆಸರುದಂಡೆಯೇ ಇರುವುದಿಲ್ಲ. ಮಳೆ ಚೆನ್ನಾಗಿ ಆದ ವರ್ಷ ಪ್ರವಾಸವನ್ನು ಫೆಬ್ರವರಿಗೆ ಮುಂದೂಡುವುದೇ ಮೇಲು.

ಹುಣಸೂರು ರಸ್ತೆಯಲ್ಲಿ ಇಲವಾಲದವರೆಗೆ ಹೋಗಿ ಮೀನಾಕ್ಷಿಪುರದ ಕಡೆ ತಿರುಗಿ. ಇದು ಜಲಾಶಯದ ದಕ್ಷಿಣ ದಂಡೆ. ಚಳಿಗಾಲದ ಸೂರ್ಯ ಬೆನ್ನ ಹಿಂದಿರುವುದರಿಂದ ಹಕ್ಕಿಯ ಬಣ್ಣ ಸ್ಪಷ್ಟವಾಗಿ ಕಾಣುತ್ತದೆ. ಭಾನುವಾರ ಬೇಡ, ಜನಜಂಗುಳಿ ಇರುತ್ತದೆ. ತೀರಾ ಮುಂಜಾನೆ ಮಂಜು ಮುಸುಕಿದ್ದರೆ ಗಾಬರಿಯಾಗಬೇಡಿ, ಬಿಸಿಲೇರಿದಂತೆ ಅದು ಕರಗುತ್ತದೆ.

ಇಲ್ಲಿ ಹುಡುಕಬೇಕಾದದ್ದು ಟಿಬೆಟ್ ಮತ್ತು ಮಧ್ಯ ಏಷ್ಯಾದ ಎತ್ತರದ ಸರೋವರಗಳ ಬಳಿ ಮರಿ ಮಾಡಿ ಚಳಿಗೆ ಇಳಿದುಬರುವ ಕಂದುತಲೆಯ ಗಲ್. ಹೆಸರು ನಂಬಿ ಕಂದುತಲೆಯನ್ನೇ ಹುಡುಕಿದರೆ ಸಿಗದು. ಈ ಕಾಲದಲ್ಲಿ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಮಸುಕು ಮಚ್ಚೆ ಮಾತ್ರ. ಹಾರುವಾಗ ರೆಕ್ಕೆಯ ಕಪ್ಪು ತುದಿಯೊಳಗೆ ಬಿಳಿ ಬೊಟ್ಟುಗಳು ಕಂಡರೆ ಅದೇ. ಪ್ರಾಯದ ಹಕ್ಕಿಯ ಕಣ್ಣು ತಿಳಿಬಣ್ಣದ್ದು. ಕರಿತಲೆಯ ಗಲ್‌ಗೆ ಕಣ್ಣು ಕಪ್ಪು, ರೆಕ್ಕೆಯ ಮುಂಚೂಣಿ ಅಂಚು ಬೆಳ್ಳಗೆ. ಕವಲುಬಾಲದ, ಹಳದಿ ಕೊಕ್ಕಿನ ನದಿ ರೀವವನ್ನು (ಟರ್ನ್ ಎಂಬ ನೀರಹಕ್ಕಿ) ಗಲ್ ಎಂದು ಬರೆದುಕೊಳ್ಳಬೇಡಿ.

ನೀರಿನಲ್ಲಿ ನಿಂತ ಒಣಮರಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ. ಅಂಥದೊಂದರ ಮೇಲೆ ನಮಗೆ ಮೀನು ಹಿಡಿಯುವ ಬೇಟೆಹಕ್ಕಿ ಆಸ್ಪ್ರೇ ಸಿಕ್ಕಿತು. ಹರಿಗೋಲು ದಂಡೆಗೆ ಎಳೆಯುತ್ತಿದ್ದ ಹಿರಿಯರೊಬ್ಬರು, "ಸ್ವಲ್ಪ ತಾಳಿ ಸ್ವಾಮಿ, ಅದು ಇನ್ನೂ ಮೀನು ಹಿಡಿದಿಲ್ಲ" ಎಂದರು. ಅವರ ಮಾತು ಕೇಳಿ ಕಾದೆವು. ಗಾಳಿಯಲ್ಲಿ ರೆಕ್ಕೆ ಬಡಿಯುತ್ತಾ ಕ್ಷಣ ನಿಂತು, ಕಾಲು ಮುಂದೆ ಮಾಡಿ ನೀರಿಗೆ ಬಿದ್ದ ಅದು ಮೀನಿನೊಂದಿಗೆ ಎದ್ದಾಗ ನನ್ನ ಮೈ ನಡುಗಿತು. ಬರೀ ಇದಕ್ಕಾಗಿಯೇ ಮತ್ತೆ ಹೋಗುತ್ತೇನೆ.

ಒಂದು ಕಳಕಳಿಯ ಮಾತು: ಒಣಗಿದ ದಂಡೆಯ ಮೇಲೆ ಜೀಪು, ಬೈಕು ಓಡಿಸಬೇಡಿ. ಬೇಸಿಗೆ ಹತ್ತಿರವಾದಂತೆ ರೀವಗಳು ಬರಿನೆಲದಲ್ಲೇ ಮೊಟ್ಟೆ ಇಡುತ್ತವೆ. ಚಕ್ರದಡಿ ಅವು ಹೋದದ್ದು ಓಡಿಸುವವನಿಗೆ ತಿಳಿಯುವುದೂ ಇಲ್ಲ.

ನಡುಹಗಲು ಊಟ, ವಿಶ್ರಾಂತಿ.

ಹದಿನಾರು ಕೆರೆಗೆ ನಾಲ್ಕು ಗಂಟೆಯೊಳಗೆ ತಲುಪಿ. ಎಲ್ಲರೂ ಬರುವುದು ಪಟ್ಟೆತಲೆ ಹೆಬ್ಬಾತುಗಳಿಗಾಗಿ, ಅವು ಚೆಂದವೇ. ಬಾತು, ನಾಮಕೋಳಿಗಳು ಒಮ್ಮೆಲೇ ಗಾಬರಿಗೊಂಡು ಚದುರಿದರೆ ಮಾತ್ರ ದುರ್ಬೀನನ್ನು ಅವುಗಳ ಮೇಲಿನಿಂದ ತೆಗೆದು ಜೊಂಡಿನ ಮೇಲೆ ಹಿಡಿಯಿರಿ. ಜೌಗು ಸೆಳೆವ (ಮಾರ್ಷ್ ಹ್ಯಾರಿಯರ್) ಎಂಬ ಬೇಟೆಹಕ್ಕಿ ಅಲ್ಲೇ ತಗ್ಗಿನಲ್ಲಿ ತೇಲುತ್ತಿರುತ್ತದೆ. ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ಹಾರುವುದೇ ಅದರ ಗುರುತು. ಕಂದು ಮೈ, ಕೆನೆಬಣ್ಣದ ತಲೆಯಿದ್ದರೆ ಹೆಣ್ಣು ಅಥವಾ ಎಳೆಯ ಹಕ್ಕಿ. ಕರಿಹದ್ದಿನ ಬಾಲದಲ್ಲಿ ಕವಲಿರುತ್ತದೆ, ಸೆಳೆವದ ಬಾಲದಲ್ಲಿ ಇರುವುದಿಲ್ಲ. ಕೊಯ್ಲಾದ ಗದ್ದೆಗಳನ್ನೂ ನೋಡಿ, ಇಲಿ, ಮಿಡತೆಗಳಿಗಾಗಿ ಬೇರೆ ಸೆಳೆವಗಳೂ ಬರಬಹುದು.

ಹೆಬ್ಬಾತುಗಳು ಕತ್ತೆತ್ತಿದರೆ ಅಲ್ಲೇ ನಿಲ್ಲಿ, ಮುಂದೆ ಹೆಜ್ಜೆ ಬೇಡ. ಬೆಳಕು ಪೂರ್ತಿ ಹೋಗುವವರೆಗೆ ಇರುವುದು ಲಾಭ, ಆದ್ದರಿಂದ ಬಸ್ಸಿನ ಸಮಯಕ್ಕೆ ಕಟ್ಟುಬೀಳದೆ ವಾಪಸಿಗೆ ವಾಹನ ಮೊದಲೇ ಗೊತ್ತುಮಾಡಿಕೊಳ್ಳಿ.