ಕಾಫಿ ಕುಯ್ಲು ಮುಗಿದ ಮೇಲೆ ಜಪಾನ್

ಜಪಾನಿಗೆ ಯಾವಾಗ ಹೋಗಬೇಕು ಎಂದು ಯಾರನ್ನು ಕೇಳಿದರೂ ಚೆರ್ರಿ ಹೂವಿನ ಕಾಲ ಎನ್ನುತ್ತಾರೆ. ಟೋಕಿಯೊ, ಕ್ಯೋಟೊಗಳಲ್ಲಿ ಅದು ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ. ಕೊಡಗಿನಲ್ಲಿ ತೋಟ ಇರುವವರಿಗೆ ಈ ಲೆಕ್ಕ ಕೂಡಿ ಬರುವುದಿಲ್ಲ. ರೊಬಸ್ಟಾ ಕುಯ್ಲಿನ ಬಾಕಿ ಕೆಲಸ ಇದ್ದೇ ಇರುತ್ತದೆ, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಿಂದೆ ಓಡಬೇಕು. ಮೇಲಾಗಿ ಆ ದಿನಗಳಲ್ಲಿ ಕ್ಯೋಟೊದ ಹೋಟೆಲ್ ಬಾಡಿಗೆ ಕೇಳುವ ಹಾಗಿಲ್ಲ. ಅದು ಇಳಿಯಿತು ಎನ್ನುವಷ್ಟರಲ್ಲಿ ಗೋಲ್ಡನ್ ವೀಕ್ ಬರುತ್ತದೆ. ಏಪ್ರಿಲ್ 29ರಿಂದ ಮೇ 5ರವರೆಗೆ ಜಪಾನಿನವರೇ ಊರೂರು ತಿರುಗುವ ರಜೆ ಅದು.

ನನ್ನ ಆಯ್ಕೆ ಮೇ ಎರಡನೇ ವಾರದಿಂದ ಮೂರನೇ ವಾರ ಮುಗಿಯುವವರೆಗೆ. ಅಲ್ಲಿ ಹಗಲು ಮಡಿಕೇರಿಯ ಒಳ್ಳೆಯ ದಿನದಷ್ಟೇ ಬೆಚ್ಚಗೆ, ರಾತ್ರಿಗೆ ತೆಳು ಸ್ವೆಟರ್ ಸಾಕು. ಮಕ್ಕಳಿಗೆ ಶಾಲೆ ಶುರುವಾಗಿರುವುದಿಲ್ಲ, ನಮ್ಮ ಮುಂಗಾರೂ ಹಿಡಿದಿರುವುದಿಲ್ಲ. ಜೂನ್ ಮೊದಲ ಭಾಗದಲ್ಲಿ ಜಪಾನಿನ ಮಳೆಗಾಲವೂ ಶುರುವಾಗುತ್ತದೆ, ಅಷ್ಟರೊಳಗೆ ವಾಪಸು ಬಂದಿರಬೇಕು. ನಮ್ಮ ಮಳೆ ತಪ್ಪಿಸಿಕೊಳ್ಳಲು ಜುಲೈ, ಆಗಸ್ಟ್‌ನಲ್ಲಿ ಅಲ್ಲಿಗೆ ಹೋಗುವ ಆಲೋಚನೆ ಬೇಡ. ಕ್ಯೋಟೊ ಆಗ 35 ಡಿಗ್ರಿ ದಾಟುತ್ತದೆ, ಗಾಳಿಯೇ ಇರುವುದಿಲ್ಲ, ಸೆಪ್ಟೆಂಬರ್ ಹೊತ್ತಿಗೆ ಚಂಡಮಾರುತಗಳ ಕಾಟವೂ ಸೇರುತ್ತದೆ. ನವೆಂಬರ್ ಕೊನೆಯಲ್ಲಿ ಕ್ಯೋಟೊದ ಮೇಪಲ್ ಎಲೆ ಕೆಂಪಾಗುವುದು ಬಹಳ ಚೆಂದ, ಆದರೆ ಆಗ ಅರೇಬಿಕಾ ಹಣ್ಣಾಗಿರುತ್ತದೆ, ನಮ್ಮ ಸುಗ್ಗಿ ಹಬ್ಬ ಪುತ್ತರಿಯೂ ಹತ್ತಿರ.

ವೀಸಾ ಅರ್ಜಿ, ಅದನ್ನು ಸ್ವೀಕರಿಸುವ ವಿಎಫ್‌ಎಸ್ ಸಂಸ್ಥೆಯ ಮೂಲಕ. ಫಾರಂ, ಫೋಟೊ, ದಿನಕ್ಕೊಂದು ಸಾಲಿನಂತೆ ಪ್ರವಾಸದ ಪಟ್ಟಿ, ವಿಮಾನ ಮತ್ತು ಹೋಟೆಲ್ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್ ಬೇಕು. ತೋಟದ ಆದಾಯ ಮಾತ್ರ ಇದ್ದು ರಿಟರ್ನ್ ಸಲ್ಲಿಸದವರು ಇಲ್ಲಿ ಎಡವುತ್ತಾರೆ. ಆದಾಯ ಎಲ್ಲಿಂದ ಬರುತ್ತದೆ ಎಂದು ಒಂದು ಪುಟದ ಪತ್ರ ಬರೆದು, ಜೊತೆಗೆ ಆರ್‌ಟಿಸಿ ಮತ್ತು ಕಾಫಿ, ಕರಿಮೆಣಸು ಮಾರಿದ ಬಿಲ್ಲುಗಳನ್ನು ಇಡಿ. ಫೆಬ್ರುವರಿಯಲ್ಲಿ ಒಮ್ಮೆಲೇ ದೊಡ್ಡ ಮೊತ್ತ ಖಾತೆಗೆ ಬಿದ್ದಿದ್ದರೆ ಅದು ಸಾಲವಲ್ಲ, ಬೆಳೆಯ ಹಣ ಎಂಬುದು ಆ ಬಿಲ್ಲುಗಳಿಂದಲೇ ಗೊತ್ತಾಗುವುದು. ಒಂದು ಸಲದ ಪ್ರವಾಸಕ್ಕೆ ಸಿಗುವುದು ಇ-ವೀಸಾ. ಅದನ್ನು ವಿಮಾನ ನಿಲ್ದಾಣದಲ್ಲಿ ಇಂಟರ್‌ನೆಟ್ ಹಾಕಿ ಫೋನಿನಲ್ಲೇ ತೆರೆದು ತೋರಿಸಬೇಕು. ಪ್ರಿಂಟ್, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಇಮಿಗ್ರೇಶನ್, ಕಸ್ಟಮ್ಸ್ ವಿವರಗಳನ್ನು ವಿಸಿಟ್ ಜಪಾನ್ ವೆಬ್ ಎಂಬ ಸರ್ಕಾರಿ ತಾಣದಲ್ಲಿ ಮನೆಯಿಂದಲೇ ತುಂಬಿ ಕ್ಯೂಆರ್ ಕೋಡ್ ತೆಗೆದಿಟ್ಟುಕೊಂಡರೆ ಇಳಿದ ಮೇಲೆ ಪೆನ್ನು ಹುಡುಕುವ ಕೆಲಸ ತಪ್ಪುತ್ತದೆ.

ಬ್ಯಾಗಿಗೆ ಏನು ಹಾಕಬಾರದು ಎಂಬುದು ನಮ್ಮ ಕಡೆಯವರಿಗೆ ಮುಖ್ಯ. ಪಂದಿ, ಅಂದರೆ ಹಂದಿ ಮಾಂಸದ ಉಪ್ಪಿನಕಾಯಿ ಬೇಡವೇ ಬೇಡ. ಒಣಗಿಸಿದ ಮಾಂಸವೂ ಬೇಡ. ಮಾಂಸದ ಯಾವುದೇ ಪದಾರ್ಥವನ್ನು ತಪಾಸಣಾ ಪ್ರಮಾಣಪತ್ರವಿಲ್ಲದೆ ಜಪಾನಿಗೆ ಒಯ್ಯುವಂತಿಲ್ಲ. ಶಿಕ್ಷೆ 3 ವರ್ಷದವರೆಗೆ ಜೈಲು ಅಥವಾ 30 ಲಕ್ಷ ಯೆನ್‌ವರೆಗೆ ದಂಡ. ಲಗೇಜ್ ಬೆಲ್ಟಿನ ಹತ್ತಿರ ನಾಯಿ ಬಂದು ಮೂಸುತ್ತದೆ. ಕಿತ್ತಳೆ, ಮಾವಿನಂಥ ತಾಜಾ ಹಣ್ಣುಗಳನ್ನೂ ಮನೆಯಲ್ಲೇ ಬಿಡಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ಸೂಡೊಎಫೆಡ್ರಿನ್ ಇರುವ ನೆಗಡಿ ಮಾತ್ರೆಗಳಿಗೆ ಕಟ್ಟುನಿಟ್ಟು ಜಾಸ್ತಿ. ಹಾಗಾಗಿ ಮನೆಯ ಔಷಧ ಡಬ್ಬಿಯನ್ನು ಹಾಗೇ ಎತ್ತಿ ಹಾಕಿಕೊಳ್ಳದೆ ಒಂದೊಂದರ ಹೆಸರು ಓದಿ. ವೈದ್ಯರು ಬರೆದುಕೊಟ್ಟ ಮಾಮೂಲಿ ಮಾತ್ರೆಗಳು ಒಂದು ತಿಂಗಳಿಗಾಗುವಷ್ಟು ಇದ್ದರೆ ಬೇರೆ ಅನುಮತಿ ಬೇಡ, ಚೀಟಿ ಮಾತ್ರ ಜೊತೆಗಿರಲಿ. ಅಲ್ಲಿನ ಕರೆಂಟು 100 ವೋಲ್ಟ್, ಸಾಕೆಟ್ಟಿಗೆ ಎರಡು ಚಪ್ಪಟೆ ಪಿನ್ನು. ನಮ್ಮ ಗುಂಡು ಪಿನ್ನಿಗೆ ಅಡಾಪ್ಟರ್ ಬೇಕು. ಫೋನ್ ಚಾರ್ಜರ್‌ಗಳಿಗೆ ತೊಂದರೆಯಿಲ್ಲ, ಇಲ್ಲಿಂದ ಒಯ್ದ ಬಿಸಿನೀರಿನ ಕೆಟಲ್ ಮಾತ್ರ ನೀರು ಕಾಯಿಸುವಷ್ಟರಲ್ಲಿ ನಿಮಗೆ ನಿದ್ದೆ ಬಂದಿರುತ್ತದೆ.

ಎರಡೇ ಕಡೆ ಬಿಡಾರ

ಒಂಬತ್ತು ಹತ್ತು ದಿನದಲ್ಲಿ ಟೋಕಿಯೊ, ಹಕೋನೆ, ಕನಜಾವಾ, ಕ್ಯೋಟೊ, ಹಿರೋಷಿಮಾ, ಒಸಾಕಾ ಎಲ್ಲ ತುರುಕುವವರು ಕೊನೆಗೆ ನೋಡುವುದು ಸೂಟ್‌ಕೇಸನ್ನು. ಟೋಕಿಯೊದಲ್ಲಿ ಐದು ರಾತ್ರಿ, ಕ್ಯೋಟೊದಲ್ಲಿ ನಾಲ್ಕು, ಮೊದಲ ಸಲಕ್ಕೆ ಅಷ್ಟು ಸಾಕು.

ಟೋಕಿಯೊದಲ್ಲಿ ನಾನು ಸೂಚಿಸುವುದು ಉಯೆನೊ. ಬೆಂಗಳೂರಿನಿಂದ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇಳಿಯುವುದು ನರಿಟಾದಲ್ಲಿ. ಅಲ್ಲಿಂದ ಕೇಸೇ ಸ್ಕೈಲೈನರ್ ರೈಲು ಮುಕ್ಕಾಲು ಗಂಟೆಯೊಳಗೆ ಉಯೆನೊಗೆ ಮುಟ್ಟಿಸುತ್ತದೆ. ಆಸಾಕುಸಾದ ಸೆನ್ಸೋಜಿ ದೇವಾಲಯ ಹತ್ತಿರ, ಊರನ್ನು ಸುತ್ತುವ ಯಾಮಾನೊತೆ ರೈಲು ಕೈಗೆಟಕುತ್ತದೆ, ಶಿಂಜುಕುಗಿಂತ ಬಾಡಿಗೆಯೂ ಕಡಿಮೆ. ಶಿಂಜುಕು ನಿಲ್ದಾಣಕ್ಕೆ 200ಕ್ಕೂ ಹೆಚ್ಚು ಬಾಗಿಲುಗಳಿವೆ. ರೈಲೇ ಇಲ್ಲದ ಜಿಲ್ಲೆಯಿಂದ ಹೋಗಿ ಮೊದಲ ರಾತ್ರಿಯೇ ಅದರೊಳಗೆ ಇಳಿಯುವುದು ಬೇಡ.

ಕ್ಯೋಟೊದಲ್ಲಿ ರೈಲು ನಿಲ್ದಾಣದ ಆಸುಪಾಸಿನಲ್ಲೇ ಉಳಿಯಿರಿ. ಜೆಆರ್ (ಜಪಾನ್ ರೈಲ್ವೇಸ್) ನಾರಾ ಮಾರ್ಗ ಒಂದರಲ್ಲೇ ಮೂರು ಕೆಲಸ ಆಗುತ್ತದೆ. ಕೆಂಪು ಕಮಾನುಗಳ ಫುಷಿಮಿ ಇನಾರಿ ಐದು ನಿಮಿಷ, ಚಹಾದ ಊರು ಉಜಿ ಹದಿನೇಳರಿಂದ ಇಪ್ಪತ್ತು ನಿಮಿಷ, ಜಿಂಕೆಗಳ ಊರು ನಾರಾ ಮುಕ್ಕಾಲು ಗಂಟೆ. ಮಿಯಾಕೊಜಿ ಎಂಬ ವೇಗದ ರೈಲು ಇನಾರಿಯಲ್ಲಿ ನಿಲ್ಲುವುದಿಲ್ಲ, ಅಲ್ಲಿಗೆ ಲೋಕಲ್ ಹತ್ತಬೇಕು. ಬೋರ್ಡ್ ನೋಡದೆ ಹತ್ತಿದವರು ಉಜಿ ಕಡೆ ಹೋಗಿ ಮುಟ್ಟುತ್ತಾರೆ. ಇನಾರಿಗೆ ಬಾಗಿಲು ಹಾಕುವ ಪದ್ಧತಿ ಇಲ್ಲ. ಬೆಳಿಗ್ಗೆ ಆರೂವರೆಗೆ ಹೋದರೆ ದಾರಿ ಖಾಲಿ, ಹತ್ತು ಗಂಟೆಗೆ ಹೋದರೆ ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ. ಒಸಾಕಾಕ್ಕೆ ವೇಗದ ಜೆಆರ್ ರೈಲಿನಲ್ಲಿ ಅರ್ಧ ಗಂಟೆ, ಸಂಜೆ ಊಟಕ್ಕೆ ಹೋಗಿ ಬರಬಹುದು. ಅದಕ್ಕೆಂದು ಬೇರೆ ಹೋಟೆಲ್ ಬೇಡ. ಕ್ಯೋಟೊದ ಸಿಟಿ ಬಸ್ಸುಗಳು ಮಾತ್ರ ಸದಾ ತುಂಬಿ ತುಳುಕುತ್ತವೆ. ಆದಷ್ಟು ರೈಲು, ಸಬ್‌ವೇ, ಇಲ್ಲದಿದ್ದರೆ ಕಾಲು.

ಇಷ್ಟು ದಿನ ಎಂದು ಲೆಕ್ಕ ಹಾಕಿ ಜೆಆರ್ ರೈಲುಗಳಲ್ಲಿ ಓಡಾಡಲು ಕೊಡುವ ಜೆಆರ್ ಪಾಸ್ ತೆಗೆದುಕೊಳ್ಳಿ ಎಂಬುದು ಹಳೆಯ ಸಲಹೆ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸಿನ ಬೆಲೆಯನ್ನು 50,000 ಯೆನ್‌ಗೆ ಏರಿಸಿದರು. ಟೋಕಿಯೊದಿಂದ ಕ್ಯೋಟೊಗೆ ಶಿಂಕಾನ್ಸೆನ್ (ಬುಲೆಟ್ ರೈಲು) ಟಿಕೆಟ್ಟು ಒಂದು ಕಡೆಗೆ ಸುಮಾರು 14,000. ಹೋಗಿ ಬಂದರೂ ಪಾಸಿನ ದುಡ್ಡು ಹುಟ್ಟುವುದಿಲ್ಲ. ಶಿಂಕಾನ್ಸೆನ್‌ಗಳಲ್ಲಿ ವೇಗದ್ದಾದ ನೊಝೊಮಿ ರೈಲು ಎರಡೂಕಾಲು ಗಂಟೆಯಲ್ಲಿ ಮುಟ್ಟಿಸುತ್ತದೆ. ಟೋಕಿಯೊದಿಂದ ಹೊರಡುವಾಗ ಇ ಅಕ್ಷರದ ಸೀಟು ಕೇಳಿದರೆ ಬಲಗಡೆಯ ಕಿಟಕಿ. ಹೊರಟು ಮುಕ್ಕಾಲು ಗಂಟೆಯ ಹೊತ್ತಿಗೆ, ಮೋಡ ಬಿಟ್ಟುಕೊಟ್ಟರೆ, ಫುಜಿ ಪರ್ವತ ಕಾಣುತ್ತದೆ. ಸೂಟ್‌ಕೇಸಿನ ಉದ್ದ, ಅಗಲ, ದಪ್ಪ ಕೂಡಿಸಿ 160 ಸೆಂಟಿಮೀಟರ್ ದಾಟಿದರೆ ದೊಡ್ಡ ಲಗೇಜಿನ ಜಾಗ ಇರುವ ಸೀಟನ್ನೇ ಮುಂಗಡ ಕಾದಿರಿಸಬೇಕು, ಇಲ್ಲವಾದರೆ 1,000 ಯೆನ್ ದಂಡ. ಇದಕ್ಕಿಂತ ಸುಖದ ದಾರಿ ತಕ್ಕ್ಯೂಬಿನ್. ಹೋಟೆಲ್ ಕೌಂಟರಿನಲ್ಲಿ ಪೆಟ್ಟಿಗೆ ಕೊಟ್ಟರೆ ಸಾಮಾನ್ಯವಾಗಿ ಮರುದಿನ ಕ್ಯೋಟೊದ ಹೋಟೆಲಿನಲ್ಲಿ ಇರುತ್ತದೆ. ಗಾತ್ರ ನೋಡಿ 2,000ದಿಂದ 3,000 ಯೆನ್ ಹಿಡಿಯುತ್ತದೆ. ಒಂದು ರಾತ್ರಿಯ ಬಟ್ಟೆ ಮಾತ್ರ ಹೆಗಲ ಚೀಲದಲ್ಲಿ ಇಟ್ಟುಕೊಳ್ಳಿ.

ಊರೊಳಗಿನ ಓಡಾಟಕ್ಕೆ, ಮೊದಲೇ ಹಣ ತುಂಬಿಸಿಟ್ಟು ಗೇಟಿಗೆ ಮುಟ್ಟಿಸುವ ಸುಯಿಕಾ ಕಾರ್ಡ್. ಫೋನಿನಲ್ಲಿ ಹಾಕಿಕೊಳ್ಳಲು ಹೋಗಿ ನಮ್ಮ ಬ್ಯಾಂಕ್ ಕಾರ್ಡಿನಿಂದ ಹಣ ತುಂಬಲಾಗದೆ ಒದ್ದಾಡುವವರೇ ಹೆಚ್ಚು, ಪ್ಲಾಸ್ಟಿಕ್ ಕಾರ್ಡೇ ತೆಗೆದುಕೊಂಡು ನೋಟಿನಿಂದ ತುಂಬಿಸಿ. ತಲೆಗೊಂದು ಕಾರ್ಡ್ ಬೇಕು, ಒಂದನ್ನೇ ಗೇಟಿನಾಚೆಯಿಂದ ಕೈ ದಾಟಿಸುವ ಉಪಾಯ ನಡೆಯುವುದಿಲ್ಲ. ಇಳಿದ ಮೇಲೆ ಗೇಟು ಮುಚ್ಚಿಕೊಂಡರೆ ಗಾಬರಿ ಬೇಡ, ಹಣ ಕಡಿಮೆಯಾಗಿದೆ ಅಷ್ಟೆ. ಪಕ್ಕದಲ್ಲೇ ಇರುವ ಯಂತ್ರದಲ್ಲಿ ತುಂಬಿಸಿ ಹೊರಗೆ ಬನ್ನಿ. ರಾತ್ರಿ ಹನ್ನೆರಡರ ಸುಮಾರಿಗೆ ರೈಲುಗಳು ನಿಲ್ಲುತ್ತವೆ, ಆಮೇಲೆ ಟ್ಯಾಕ್ಸಿಯೇ ಗತಿ, ಜೇಬು ಸುಡುತ್ತದೆ.

ನಗದಿಗೆ ಸೆವೆನ್-ಇಲೆವೆನ್ ಅಂಗಡಿಗಳ ಎಟಿಎಂ. ಹೊರಡುವ ಮೊದಲು ಬ್ಯಾಂಕ್ ಆ್ಯಪಿನಲ್ಲಿ ವಿದೇಶಿ ಬಳಕೆಯನ್ನು ಚಾಲೂ ಮಾಡಿಕೊಂಡಿರಬೇಕು. ಯಂತ್ರವಾಗಲಿ ಅಂಗಡಿಯಾಗಲಿ ರೂಪಾಯಿಯಲ್ಲಿ ಕೊಡುತ್ತೀರಾ ಎಂದು ಕೇಳಿದರೆ ಯೆನ್ ಅನ್ನೇ ಒತ್ತಿ, ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ದರ.

ಊಟ

ಜಪಾನಿನಲ್ಲಿ ಊಟಕ್ಕೆ ಕಷ್ಟ ಎಂಬ ಮಾತು ಕೊಡಗಿನವರಿಗೆ ಅಷ್ಟಾಗಿ ಹೊಂದುವುದಿಲ್ಲ. ಅನ್ನ, ಹಂದಿ, ಕಣಿಲೆ (ಎಳೆ ಬಿದಿರು), ಅಣಬೆ, ಕಾಡಿನ ಸೊಪ್ಪು ಎಲ್ಲವೂ ಅಲ್ಲಿಯ ನಿತ್ಯದ ಅಡುಗೆ. ಇಲ್ಲದಿರುವುದು ಖಾರ ಮತ್ತು ನಮ್ಮ ಕಪ್ಪು ಹುಳಿರಸ ಕಾಚಂಪುಳಿಯ ಹುಳಿ.

ತೊಂಕಾತ್ಸುವಿನಿಂದ ಶುರುಮಾಡಿ. ದಪ್ಪ ಹಂದಿ ತುಂಡಿಗೆ ಬ್ರೆಡ್ಡಿನ ತರಿ ಹಚ್ಚಿ ಕರಿದದ್ದು. ಮೆನುವಿನಲ್ಲಿ ಎರಡು ಬಗೆ ಇರುತ್ತದೆ. ಹಿರೆ ಎಂದರೆ ಕೊಬ್ಬಿಲ್ಲದ ಭಾಗ, ರೋಸು ಎಂದರೆ ಅಂಚಿನಲ್ಲಿ ಕೊಬ್ಬಿರುವ ಭಾಗ. ಪಂದಿ ಕರಿಯಲ್ಲಿ ಕೊಬ್ಬು ಹುಡುಕಿ ತಿನ್ನುವವರು ಹಿರೆ ತರಿಸಿ ಬೇಸರಪಟ್ಟುಕೊಳ್ಳಬಾರದು, ರೋಸು ಹೇಳಿ. ಹೆಚ್ಚಿದ ಎಲೆಕೋಸು, ಅನ್ನ, ಮಿಸೊ ಎಂಬ ಹುದುಗಿಸಿದ ಸೋಯಾ ಮುದ್ದೆಯ ಸಾರು ಜೊತೆಗೆ ಬರುತ್ತವೆ. ಬಹಳ ಅಂಗಡಿಗಳಲ್ಲಿ ಕೋಸು, ಅನ್ನ ಮತ್ತೆ ಕೇಳಿದರೂ ದುಡ್ಡಿಲ್ಲ. ತಟ್ಟೆಯ ಮೂಲೆಯಲ್ಲಿರುವ ಹಳದಿ ಮುದ್ದೆ ಕರಾಶಿ, ಅಂದರೆ ಸಾಸಿವೆ. ಖಾರ ಬೇಕೆನಿಸಿದರೆ ಅದೇ ನಿಮ್ಮ ಆಧಾರ, ಆದರೆ ಒಮ್ಮೆಲೇ ಜಾಸ್ತಿ ಹಾಕಿಕೊಂಡರೆ ಮೂಗಿಗೆ ಏರುತ್ತದೆ. ಕಾಕುನಿ ಎಂಬ ಬೇಯಿಸಿದ ಹಂದಿ ನೋಡಲು ಪಂದಿ ಕರಿಯಷ್ಟೇ ಕಪ್ಪು, ಬಾಯಿಗಿಟ್ಟರೆ ಸಿಹಿ. ಅದಕ್ಕೂ ಕರಾಶಿ ಬೇಕು. ತೊಂಕೊತ್ಸು ರಾಮೆನ್ ಬೇರೆಯದೇ ಪದಾರ್ಥ. ಹಂದಿ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ ತೆಗೆದ ಬೆಳ್ಳನೆಯ ರಸ, ಅದರೊಳಗೆ ತೆಳು ನೂಡಲ್ಸು. ಹಕಾತಾ ಶೈಲಿಯ ಅಂಗಡಿಯಲ್ಲಿ ನೂಡಲ್ಸ್ ಮುಗಿದರೆ ಕಾಯೆದಾಮಾ ಎಂದು ಹೇಳಿ ಇನ್ನೊಂದು ಹಿಡಿ ಹಾಕಿಸಿಕೊಳ್ಳಬಹುದು, ಅದಕ್ಕಾಗಿ ರಸ ಉಳಿಸಿಕೊಂಡಿರಬೇಕು.

ಕಣಿಲೆ ನಮಗೆ ಮಳೆಗಾಲದ್ದು, ಅಲ್ಲಿ ವಸಂತದ್ದು. ತಾಕೆನೊಕೊ ಎನ್ನುತ್ತಾರೆ, ಕ್ಯೋಟೊ ಸುತ್ತಲಿನದು ಹೆಸರುವಾಸಿ. ಏಪ್ರಿಲ್‌ನಿಂದ ಮೇ ನಡುವಿನವರೆಗೆ ಸಿಗುತ್ತದೆ. ನಾವು ನೀರು ಬದಲಿಸಿ ನೆನೆಹಾಕುತ್ತೇವೆ, ಅವರು ಅಕ್ಕಿ ತೌಡಿನ ಜೊತೆ ಬೇಯಿಸಿ ಒಗರು ತೆಗೆಯುತ್ತಾರೆ. ಹೀಗಾಗಿ ನಮ್ಮ ಕಣಿಲೆ ಸಾರಾದ ಬೈಂಬಳೆ ಕರಿಯ ಆ ಹುಳಿ ವಾಸನೆ ಇರುವುದಿಲ್ಲ, ಜೋಳದಂಥ ತಿಳಿಸಿಹಿ. ಅನ್ನದಲ್ಲೇ ಬೇಯಿಸಿದ ತಾಕೆನೊಕೊ ಗೊಹಾನ್ ಬಿಡಬೇಡಿ. ತೆರ್ಮೆ ಸೊಪ್ಪು ಇಷ್ಟಪಡುವವರು ಸಾನ್‌ಸಾಯ್ ಎಂದಿರುವ ಸೊಬಾ ನೂಡಲ್ಸ್ ಕೇಳಿ, ಎಳೆ ಜರಿಗಿಡದ ಸುರುಳಿಗಳು ಅದರಲ್ಲಿರುತ್ತವೆ.

ಹಸುವಿನ ಮಾಂಸ ತಿನ್ನದವರು ಎಚ್ಚರ ವಹಿಸಬೇಕಾದ ಜಾಗಗಳಿವು. ಅನ್ನದ ಮೇಲೆ ಮಾಂಸ ಹಾಕಿ ಕೊಡುವ ಗ್ಯೂದೊನ್ ಪೂರ್ತಿ ಹಸುವಿನದು. ಹಂಬಾಗು ಎಂಬ ಕೈಮಾ ಉಂಡೆಯಲ್ಲಿ ಹಂದಿ, ಹಸು ಬೆರೆಸುವುದು ಮಾಮೂಲು. ಜಪಾನಿ ಕರಿ ಮಸಾಲೆಯಲ್ಲಿ ಹಸುವಿನ ಕೊಬ್ಬು ಇರುವುದುಂಟು. ಕ್ಯೋಟೊ, ಒಸಾಕಾ ಕಡೆ ಬರೀ ನಿಕು ಎಂದು ಬರೆದಿದ್ದರೆ ಅದು ಹಸುವೇ, ಹಂದಿಗೆ ಬುತಾ ಎಂದು ಬಿಡಿಸಿ ಹೇಳುತ್ತಾರೆ. ಹಂದಿ, ಹಸು, ಕೋಳಿಗೆ ಅವರ ಲಿಪಿಯಲ್ಲಿ ಒಂದೊಂದೇ ಅಕ್ಷರ. ಮೂರನ್ನೂ ಫೋನಿನಲ್ಲಿ ಚಿತ್ರವಾಗಿ ಉಳಿಸಿಕೊಂಡರೆ ಯಾವ ಮೆನುವಾದರೂ ಅರ್ಧ ಬಿಡಿಸಿದಂತೆ.

ಪೂರ್ತಿ ಸಸ್ಯಾಹಾರಿಗಳಿಗೆ ನಿಜವಾಗಿಯೂ ಕಷ್ಟ. ತೊಂದರೆ ಮಾಂಸದ ತುಂಡಿನಲ್ಲಿಲ್ಲ, ದಾಶಿಯಲ್ಲಿದೆ. ಒಣಮೀನಿನಿಂದ ತೆಗೆದ ಆ ರಸ ಮಿಸೊ ಸಾರು, ಉದೊನ್ ಮತ್ತು ಸೊಬಾ ನೂಡಲ್ಸ್, ಬೇಯಿಸಿದ ತರಕಾರಿ ಎಲ್ಲದರಲ್ಲೂ ಇರುತ್ತದೆ. ಮಾಂಸ ಬೇಡ ಎಂದಷ್ಟೇ ಹೇಳಿದರೆ ಮೀನಿನ ರಸ ಬಂದೇ ಬರುತ್ತದೆ, ದಾಶಿಯೂ ಬೇಡ ಎಂದು ಜಪಾನಿ ಲಿಪಿಯಲ್ಲಿ ಬರೆಸಿದ ಚೀಟಿ ತೋರಿಸಿ. ಕ್ಯೋಟೊದಲ್ಲಿ ಶೋಜಿನ್ ರ್‍ಯೋರಿ ಎಂಬ ಬೌದ್ಧ ಮಠದ ಅಡುಗೆ ಸಿಗುತ್ತದೆ, ತೆನ್ರ್ಯೂಜಿ ದೇವಾಲಯದ ಆವರಣದಲ್ಲೂ ಇದೆ. ಉಳಿದಂತೆ ಎಲ್ಲ ಊರಲ್ಲೂ ಇರುವ ಭಾರತೀಯ, ನೇಪಾಳಿ ಹೋಟೆಲುಗಳೇ ಆಸರೆ.

ಹೊತ್ತಿನ ಲೆಕ್ಕ ತಪ್ಪಿದರೆ ಹಸಿವಿನಲ್ಲಿ ಅಲೆಯಬೇಕಾಗುತ್ತದೆ. ಮಧ್ಯಾಹ್ನದ ಊಟ ಹನ್ನೊಂದೂವರೆಯಿಂದ ಎರಡು, ಆಮೇಲೆ ಬಹಳ ಅಂಗಡಿಗಳು ಐದರವರೆಗೆ ಬಾಗಿಲು ಹಾಕುತ್ತವೆ. ಅದೇ ಅಂಗಡಿಯ ಮಧ್ಯಾಹ್ನದ ತೇಶೊಕು, ಅಂದರೆ ಸೆಟ್ ಊಟ, 1,000ದಿಂದ 1,500 ಯೆನ್ ಇದ್ದರೆ ರಾತ್ರಿ ಅದರ ಎರಡರಷ್ಟಾಗಬಹುದು. ದೊಡ್ಡ ಊಟ ಮಧ್ಯಾಹ್ನವೇ ಮುಗಿಸುವುದು ಜಾಣತನ. ರಾಮೆನ್ ಅಂಗಡಿಯ ಬಾಗಿಲಲ್ಲಿ ಟಿಕೆಟ್ ಯಂತ್ರ ಇರುತ್ತದೆ, ಮೊದಲು ಹಣ ಹಾಕಬೇಕು, ಆಮೇಲೆ ಗುಂಡಿ. ಹಳೆಯ ಯಂತ್ರಗಳು 1,000 ಯೆನ್ ನೋಟನ್ನು ಮಾತ್ರ ನುಂಗುತ್ತವೆ. ಇಝಕಾಯಾ ಎಂಬ ಕುಡಿದು ತಿನ್ನುವ ಅಂಗಡಿಯಲ್ಲಿ ಕೇಳದೆಯೇ ಒಂದು ಪುಟ್ಟ ಬಟ್ಟಲು ಬಂದರೆ ಅದು ಒತೋಶಿ, ಕೂತ ಬಾಬ್ತು ತಲೆಗೆ 300ರಿಂದ 500 ಯೆನ್. ಮೋಸ ಎಂದು ಜಗಳಕ್ಕೆ ನಿಲ್ಲಬೇಡಿ, ಪದ್ಧತಿಯೇ ಹಾಗೆ. ಟಿಪ್ಸ್ ಎಲ್ಲಿಯೂ ಇಲ್ಲ. ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸುವುದು ಸಾವಿನ ಮನೆಯ ಆಚಾರ, ಅದೊಂದು ಮಾಡಬೇಡಿ.

ಕಾಫಿಯವರಿಗೆ ಕಿಸ್ಸಾತೆನ್ ಎಂಬ ಹಳೆಯ ಕಾಫಿ ಅಂಗಡಿಗಳು. ಕಪ್ಪಗೆ ಹುರಿದ ಬೀಜ, ಲೋಟಕ್ಕೊಂದರಂತೆ ಕೈಯಿಂದ ಸುರಿದ ನೀರು, 500ರಿಂದ 700 ಯೆನ್. ಹಾಲು ಪುಟ್ಟ ಕುಡಿಕೆಯಲ್ಲಿ ಬರುತ್ತದೆ, ಅದರಲ್ಲಿ ನಮ್ಮ ಬೆಲ್ಲದ ಕಾಫಿ ಮಾಡಲು ಹೋಗಬೇಡಿ. ಬೆಳಿಗ್ಗೆ ಕಾಫಿಯ ಬೆಲೆಗೆ ಸ್ವಲ್ಪ ಸೇರಿಸಿದರೆ ಟೋಸ್ಟು, ಮೊಟ್ಟೆಯೂ ಸಿಗುವ ಮಾರ್ನಿಂಗ್ ಸೆಟ್ ಇರುತ್ತದೆ. ಹೊಸ ಹುರಿಯುವ ಅಂಗಡಿಗಳನ್ನು ನೋಡಬೇಕಾದರೆ ಟೋಕಿಯೊದ ಕಿಯೊಸುಮಿ-ಶಿರಾಕಾವಾ. ಬೀದಿಯ ಯಂತ್ರದಲ್ಲಿ ಕೆಂಪು ಪಟ್ಟಿ ಇರುವ ಡಬ್ಬಿ ಬಿಸಿ, ನೀಲಿ ತಣ್ಣಗೆ. ಡಬ್ಬಿ ಕಾಫಿಯನ್ನು ಯುಸಿಸಿ ಕಂಪೆನಿ 1969ರಲ್ಲೇ ಮಾರುಕಟ್ಟೆಗೆ ತಂದಿತ್ತು. ಒಮ್ಮೆ ಕುಡಿದು ನೋಡಬಹುದು, ಎರಡನೆಯದು ನಿಮ್ಮ ಇಷ್ಟ.

ಖರೀದಿಗೆ ಒಂದೇ ಬೀದಿ ಹೇಳುತ್ತೇನೆ. ಉಯೆನೊ ಮತ್ತು ಆಸಾಕುಸಾ ನಡುವಿನ ಕಪ್ಪಾಬಾಶಿ, ಉದ್ದಕ್ಕೂ ಅಡುಗೆಮನೆಯ ಸಾಮಾನು. ಭಾನುವಾರ ಬಹುಪಾಲು ಅಂಗಡಿಗಳಿಗೆ ರಜೆ. ತೆರಿಗೆ ವಿನಾಯಿತಿಗೆ ಮೂಲ ಪಾಸ್‌ಪೋರ್ಟ್ ಜೊತೆಗಿರಬೇಕು, ಒಂದೇ ಅಂಗಡಿಯಲ್ಲಿ ಕನಿಷ್ಠ 5,000 ಯೆನ್ ಖರೀದಿ ಆಗಬೇಕು. 2026ರ ನವೆಂಬರ್ 1ರಿಂದ ಅಂಗಡಿಯಲ್ಲಿ ತೆರಿಗೆ ಸೇರಿಸಿಯೇ ಕೊಟ್ಟು, ದೇಶ ಬಿಡುವಾಗ ಪರಿಶೀಲನೆಯಾದ ಮೇಲೆ ವಾಪಸು ಪಡೆಯುವ ಪದ್ಧತಿ. ಕಪ್ಪಾಬಾಶಿಯಲ್ಲಿ ಎಲ್ಲರ ಕಣ್ಣು ಚಾಕುವಿನ ಮೇಲೆ. ಕಾರ್ಬನ್ ಸ್ಟೀಲಿನದು ಹರಿತ ಹೌದು, ಆದರೆ ಒರೆಸಿಟ್ಟರೂ ನಮ್ಮ ಜುಲೈ ತಿಂಗಳ ತೇವಕ್ಕೆ ತುಕ್ಕು ಹಿಡಿಯದೆ ಬಿಡುವುದಿಲ್ಲ. ಸ್ಟೇನ್‌ಲೆಸ್‌ನ ಸಾಂತೊಕು ತೆಗೆದುಕೊಳ್ಳಿ, ವಿಮಾನದಲ್ಲಿ ಚೆಕ್-ಇನ್ ಬ್ಯಾಗಿಗೇ ಹಾಕಿ. ತೆಳು ಅಂಚಿನ ಚಾಕು ಅದು, ತರಕಾರಿಗೆ, ಮೂಳೆಯಿಲ್ಲದ ಮಾಂಸಕ್ಕೆ ಸರಿ. ಪಂದಿ ಮೂಳೆಗೆ ಇಳಿಸಿದರೆ ಅಂಚು ಚಕ್ಕೆ ಏಳುತ್ತದೆ, ಅದಕ್ಕೆ ಮನೆಯ ಕತ್ತಿಯೇ ಇರಲಿ.