ಮುಖದ ಆಪರೇಷನ್ ಆದಮೇಲೆ ನಗು ಸೊಟ್ಟಗಾಗಿದೆ, ಸರಿಹೋಗುತ್ತಾ?

ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಮಾಡುವ ನನಗೆ ಈ ಪ್ರಶ್ನೆ ಬರುವುದು ಹೆಚ್ಚಾಗಿ ಫೋನಿನಲ್ಲಿ, ತಗ್ಗಿದ ದನಿಯಲ್ಲಿ. ಕೇಳುವವರು ಬೆಂಗಳೂರಿಗೋ ಮಂಗಳೂರಿಗೋ ಹೋಗಿ ಮುಖದ ಸಡಿಲ ಚರ್ಮ ಬಿಗಿ ಮಾಡುವ ಫೇಸ್‌ಲಿಫ್ಟ್ ಮಾಡಿಸಿಕೊಂಡಿರುತ್ತಾರೆ, ಇಲ್ಲವೇ ಗದ್ದದ ಕೆಳಗಿನ ಕೊಬ್ಬು ತೆಗೆಸಿರುತ್ತಾರೆ. ನಕ್ಕರೆ ಕೆಳತುಟಿ ಒಂದೇ ಕಡೆ ಇಳಿಯುತ್ತದೆ, ಅಥವಾ ಒಂದು ಹುಬ್ಬು ಏಳುವುದಿಲ್ಲ.

ಬಹುಪಾಲು ಜನರಿಗೆ ಸರಿಹೋಗುತ್ತದೆ. ಮುಖದ ಸ್ನಾಯುಗಳನ್ನು ಆಡಿಸುವ ನರ ಕಿವಿಯ ಮುಂದೆ 5 ಮುಖ್ಯ ಕವಲುಗಳಾಗಿ ಒಡೆಯುತ್ತದೆ. ಕೆನ್ನೆಯ ಕವಲುಗಳು ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಒಂದಕ್ಕೆ ಪೆಟ್ಟಾದರೂ ಇನ್ನೊಂದು ಕೆಲಸ ನಡೆಸುತ್ತದೆ. ಹುಬ್ಬಿಗೂ ಕೆಳತುಟಿಗೂ ಹೋಗುವ ಕವಲುಗಳಿಗೆ ಆ ಆಸರೆ ಕಡಿಮೆ. ಎಳೆತಕ್ಕೋ ಊತಕ್ಕೋ ನರ ಮಂಕಾಗಿದ್ದರೆ ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ ಚಲನೆ ಮರಳುತ್ತದೆ. ಒಳಗಿನ ಎಳೆಗಳೇ ಹರಿದಿದ್ದರೆ ಅವು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆದು ಸ್ನಾಯುವನ್ನು ಮುಟ್ಟಬೇಕು.

ನರ ಪೂರ್ತಿ ತುಂಡಾಗುವುದು ಅಪರೂಪ. ಆದರೆ ಆದಾಗ ಕಾಯುತ್ತಾ ಕೂರಬಾರದು. ತುಂಡಾದ ನರದ ಆಚೆಯ ತುದಿ ವಿದ್ಯುತ್ ಪ್ರಚೋದನೆಗೆ ಸುಮಾರು 72 ಗಂಟೆಯವರೆಗೆ ಮಾತ್ರ ಸ್ಪಂದಿಸುತ್ತದೆ. ಆಮೇಲೆ ಅದನ್ನು ಹುಡುಕಿ ಹೊಲಿಯುವುದು ಕಷ್ಟ. ಮರಗಟ್ಟಿಸುವ ಇಂಜೆಕ್ಷನ್ನಿನಿಂದಲೂ ಮುಖ ಕೆಲವು ಗಂಟೆ ವಾರೆಯಾಗುತ್ತದೆ, ಅದಕ್ಕೆ ಹೆದರಬೇಡಿ. ಮರುದಿನವೂ ಹಾಗೇ ಇದ್ದರೆ ಅವತ್ತೇ ಸರ್ಜನ್ನಿಗೆ ಹೇಳಿ. ಹುಬ್ಬು ಎತ್ತುವುದು, ಕಣ್ಣು ಬಿಗಿಯಾಗಿ ಮುಚ್ಚುವುದು, ಹಲ್ಲು ತೋರಿಸಿ ನಗುವುದು, ಕೆಳತುಟಿ ಹೊರಚಾಚುವುದು, ಇಷ್ಟನ್ನು ವಿಡಿಯೋ ಮಾಡಿ ಕಳಿಸಿ. ಕೈಕಾಲಿನ ಬಲ ಕುಂದಿದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು, ನೇರ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ.

ನನಗೆ ಸಂಕಟವಾಗುವುದು ಜನ ಆಪರೇಷನ್ ಮಾಡಿಸಿದ್ದನ್ನೇ ಬಚ್ಚಿಡುವುದಕ್ಕೆ. ಅತ್ತೆಗೆ ಗೊತ್ತಾಗಬಾರದು, ಕೇರಿಯವರು ಆಡಿಕೊಳ್ಳಬಾರದು ಎಂದು "ಥಂಡಿ ಗಾಳಿ ಹೊಡೀತು" ಅನ್ನುತ್ತಾರೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಆ ಮಾತನ್ನು ಯಾರೂ ಅನುಮಾನಿಸುವುದಿಲ್ಲ. ಊರಿನ ಡಾಕ್ಟರೂ ನಂಬಿ, ತಾನಾಗಿ ಬರುವ ಮುಖದ ಲಕ್ವ ಎಂದು ಮಾತ್ರೆ ಬರೆಯುತ್ತಾರೆ. ಮನೆಯಲ್ಲಿ ಎಣ್ಣೆ ಉಜ್ಜಿ ಶಾಖ ಕೊಡುತ್ತಾರೆ. ಫೇಸ್‌ಲಿಫ್ಟ್ ಆದ ಕೆನ್ನೆ, ಕಿವಿಗೆ ಎಷ್ಟೋ ವಾರ ಸ್ಪರ್ಶವೇ ಸರಿಯಾಗಿ ತಿಳಿಯುವುದಿಲ್ಲ; ಬಿಸಿ ಗೊತ್ತಾಗದೆ ಚರ್ಮ ಸುಡುತ್ತದೆ. ದಯವಿಟ್ಟು ಶಾಖ ಬೇಡ. ಚಂದ ಕಾಣಬೇಕು ಅನ್ನಿಸಿದ್ದು ತಪ್ಪೇನಲ್ಲ, ಡಾಕ್ಟರ ಎದುರಿಗಾದರೂ ನಿಜ ಹೇಳಿ.

ಕಣ್ಣು ಪೂರ್ತಿ ಮುಚ್ಚದಿದ್ದರೆ ಮೊದಲ ಗಮನ ಅದಕ್ಕೇ: ಡಾಕ್ಟರ್ ಹೇಳಿದ ಡ್ರಾಪ್ಸ್, ರಾತ್ರಿ ಮುಲಾಮು. ವ್ಯಾಯಾಮ ಕನ್ನಡಿಯ ಮುಂದೆ, ನಿಧಾನವಾಗಿ. ಜೋರು ಮಾಡಿ ಎಳೆದಾಡುವುದರಿಂದ ಲಾಭವಿಲ್ಲ. ಅಷ್ಟರಲ್ಲಿ ಮನೆಯಲ್ಲಿ ಮದುವೆ ಬಂತು, ನಗು ಸಮ ಕಾಣಲೇಬೇಕು ಅಂದರೆ ಸರಿಯಿರುವ ಕಡೆಯ ತುಟಿಗೆ ಸ್ವಲ್ಪ ಬೊಟಾಕ್ಸ್, ಅಂದರೆ ಸ್ನಾಯುವನ್ನು ಕೆಲಕಾಲ ಸಡಿಲಿಸುವ ಇಂಜೆಕ್ಷನ್, ಕೊಡುವ ದಾರಿ ಇದೆ. ಅದರ ಪರಿಣಾಮ 3–4 ತಿಂಗಳಲ್ಲಿ ಇಳಿಯುತ್ತದೆ, ಅಷ್ಟು ಹೊತ್ತಿಗೆ ಎಷ್ಟೋ ಜನರ ನರ ತಾನೇ ಚೇತರಿಸಿಕೊಂಡಿರುತ್ತದೆ.